ದೊಡ್ಡಮನೆ ಭಾವನವರ ಟ್ಯಾಂಕು

ಸರೋವರದ ಈ ತುದಿಯ ಬಾಲಿಕ್ಚಿಯಲ್ಲಿ ಗಾಳಿ ಬೀಸದ ದಿನವಿಲ್ಲ, ಎಸೆನ್‌ಗುಲ್ ಸೋಲದ ವರ್ಷವಿಲ್ಲ. ಗಾಳಿಗೆ ಊರವರು ಉಲಾನ್ ಎಂದು ಹೆಸರಿಟ್ಟು ಹೇಗೋ ಸಹಿಸಿಕೊಂಡಿದ್ದಾರೆ. ಎಸೆನ್‌ಗುಲ್‌ನನ್ನು ಸಹಿಸಿಕೊಳ್ಳುವ ಕೆಲಸ ಅವನ ಮನೆಯವರ ಪಾಲಿಗೆ ಬಂದಿತ್ತು, ಅದರಲ್ಲೂ ಕಿರಿಯ ತಮ್ಮನ ಹೆಂಡತಿ ಐಜರ್ಕಿನ್ ಪಾಲಿಗೆ ತುಸು ಹೆಚ್ಚಾಗಿಯೇ ಬಂದಿತ್ತು.

ಮೂವರು ಅಣ್ಣತಮ್ಮಂದಿರಲ್ಲಿ ಎಸೆನ್‌ಗುಲ್ ಹಿರಿಯ, ಕುಬಾನ್ ನಡುವಿನವನು, ತಿಲೆಕ್ ಕೊನೆಯವನು. ರೈಲು ನಿಲ್ದಾಣದ ಹಿಂದೆ ಎಸೆನ್‌ಗುಲ್‌ನ ಟಯರ್ ಪಂಚರ್ ಅಂಗಡಿಯಿದೆ. ಊರಿನ ಕಂಪ್ಯೂಟರ್ ಕ್ಲಬ್ ಮುಚ್ಚಿದಾಗ ಅಲ್ಲಿದ್ದ ಹಳೆಯ ಕಂಪ್ಯೂಟರುಗಳನ್ನೆಲ್ಲ ಅವನು ಗಾಡಿಗೆ ಹೇರಿಕೊಂಡು ಬಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಲಾಗಿ ಜೋಡಿಸಿದ್ದ. ಹೊಸ ಆಟ ಯಾವುದನ್ನು ಹಾಕಿದರೂ ಅವು ಏದುಸಿರು ಬಿಟ್ಟು ನಿಂತುಬಿಡುತ್ತವೆ. ಸಲೀಸಾಗಿ ಓಡುವುದು ಒಂದೇ ಆಟ. ಅದರ ಪೆಟ್ಟಿಗೆಯ ಮೇಲೆ ಏನೋ ದೊಡ್ಡ ಹೆಸರಿತ್ತಂತೆ, ಸರೋವರದ ಸುತ್ತಲಿನವರೆಲ್ಲ ಅದನ್ನು ಟಾಂಚಿಕಿ, ಎಂದರೆ ಪುಟ್ಟ ಟ್ಯಾಂಕುಗಳು, ಎಂದೇ ಕರೆಯುತ್ತಾರೆ.

ನಾಲ್ವರ ಎದುರು ನಾಲ್ವರು ಆಡುವ ಆಟ. ಒಬ್ಬೊಬ್ಬರಿಗೂ ಒಂದೊಂದು ಟ್ಯಾಂಕು. ಓಡಿಸಬೇಕು, ಗುಂಡು ಹೊಡೆಯಬೇಕು. ಆದರೆ ಬರೀ ಗುಂಡು ಹೊಡೆದು ಯಾರೂ ಗೆದ್ದಿಲ್ಲ. ಅದಿರು ಅಗೆಯುವ ಯಂತ್ರ ಕಳಿಸಬೇಕು, ಅದಿರು ಬಂದ ಹಾಗೆ ಕಾರ್ಖಾನೆ ಬೆಳೆಸಬೇಕು, ಕಾರ್ಖಾನೆಯಿಂದ ಹೊರಬರುವ ಗಾಡಿಗಳನ್ನು ಎಲ್ಲಿಗೆ ನುಗ್ಗಿಸಬೇಕೆಂದು ಲೆಕ್ಕ ಹಾಕಬೇಕು. ಆ ಲೆಕ್ಕಾಚಾರ ಕಮಾಂಡರನೊಬ್ಬನದು. ಅವನು ಅಪ್ಪಣೆ ಕೊಡಬೇಕಾದರೆ ನಕ್ಷೆ ತೆರೆಯಬೇಕು. ನಕ್ಷೆ ತೆರೆದಿರುವಷ್ಟು ಹೊತ್ತು ಅವನ ಸ್ವಂತ ಟ್ಯಾಂಕು ಕಣ್ಣಿಗೆ ಬಟ್ಟೆ ಕಟ್ಟಿದ ಎತ್ತಿನ ಹಾಗೆ ಬಯಲಲ್ಲಿ ನಿಂತಿರುತ್ತದೆ. ಶತ್ರು ಪಕ್ಕಕ್ಕೆ ಬಂದು ನಿಂತರೂ ಅವನಿಗೆ ಕಾಣಿಸುವುದಿಲ್ಲ, ಜೊತೆಯವರು ಕೂಗಿ ಎಚ್ಚರಿಸಬೇಕು. ಬಲ್ಲವರು ನಕ್ಷೆಯನ್ನು ತೆರೆದ ಕೂಡಲೇ ಮುಚ್ಚುತ್ತಾರೆ. ಎಸೆನ್‌ಗುಲ್ ನಕ್ಷೆ ತೆರೆದನೆಂದರೆ ಮದುವೆ ಊಟಕ್ಕೆ ಕೂತವನಂತೆ ಕೂತುಬಿಡುತ್ತಾನೆ.

ಹಾಗಾದರೆ ಅವನನ್ನು ಕಮಾಂಡರ್ ಮಾಡಿದವರು ಯಾರು ಎಂದು ಕೇಳಿದರೆ, ಯಾರೂ ಮಾಡಲಿಲ್ಲ. ಕೋಣೆಯಲ್ಲಿ ಬಾಗಿಲಿನ ಎದುರು ಗೋಡೆಯ ಬಳಿ ಇರುವುದು ತೋರ್, ಹಿರಿಯರ ಜಾಗ. ಒಳ್ಳೆಯ ಕಂಪ್ಯೂಟರನ್ನು ಒಳ್ಳೆಯ ಜಾಗದಲ್ಲಿ ಇಟ್ಟರು. ಅದರ ಮುಂದೆ ಹಳೆಯ ಮಿನಿಬಸ್ಸಿನಿಂದ ಕಳಚಿದ ಚಾಲಕನ ಸೀಟನ್ನು ಲಾರಿಯ ಗಾಲಿಗೆ ಬಿಗಿದು ಕೂರಿಸಿದರು. ಒಳ್ಳೆಯ ಸೀಟಿನಲ್ಲಿ ಹಿರಿಯ ಕೂತ. ಆಟದಲ್ಲಿ ಕಮಾಂಡರನ ಪಟ್ಟ ಹೋಗುವುದು ಆ ಕಂಪ್ಯೂಟರಿಗೇ ಆದ್ದರಿಂದ ಅವನು ಕಮಾಂಡರ್ ಆದ. ವಯಸ್ಸಿಗೂ ಟ್ಯಾಂಕಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಐಜರ್ಕಿನ್‌ಗೆ ಆ ಸೀಟು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಅದು ಅವಳಿಗೆ ಮಾತು ಕೊಟ್ಟಿದ್ದ ಸೀಟು.

ಅವಳು ಸರೋವರದ ಆ ತುದಿಯ ಕಾರಾಕೋಲಿನವಳು. ಮದುವೆಗೆ ಮುಂಚೆ ಕಾರಾಕೋಲ್ ತಂಡದ ಕಮಾಂಡರ್ ಅವಳೇ. ಅವಳ ಅಣ್ಣ ಮೆಲಿಸ್ ಅವಳ ಕೈಕೆಳಗೆ ಟ್ಯಾಂಕು ಓಡಿಸುತ್ತಿದ್ದ. ಆಗ ಪಂದ್ಯ ಕಾರಾಕೋಲಿನಲ್ಲಿ, ಬಾಲಿಕ್ಚಿಯವರು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಅವಳ ಕೈಯಲ್ಲಿ ಚೆನ್ನಾಗಿ ಪೆಟ್ಟು ತಿಂದು ಬರುತ್ತಿದ್ದರು. ಹಾಗೆ ತಿಂದವರಲ್ಲಿ ತಿಲೆಕ್ ಒಬ್ಬ. ಸೋತರೂ ನಗುತ್ತಿದ್ದ, ಮತ್ತೆ ಯಾವಾಗ ಆಟ ಎಂದು ಕೇಳುತ್ತಿದ್ದ. ಕೊನೆಗೊಂದು ದಿನ ನೀರಿನ ದಂಡೆಯಲ್ಲಿ ಕೂತು, "ನಮ್ಮನೆಗೆ ಬಂದ್ರೂ ಕಮಾಂಡರ್ ನೀನೇ, ನಮ್ಮಣ್ಣನ ಸೀಟಲ್ಲಿ ನಿನ್ನನ್ನೇ ಕೂರಿಸ್ತೀನಿ," ಎಂದಿದ್ದ. ಪ್ರೀತಿಯಲ್ಲಿ ಬಿದ್ದ ಗಂಡಸರು ಅಣ್ಣನ ಆಸ್ತಿಯನ್ನು ಧಾರಾಳವಾಗಿ ಹಂಚುತ್ತಾರೆ. ಅವಳು ನಂಬಿದಳು.

ಬಂದ ಮೇಲೆ ಗೊತ್ತಾಯಿತು. ಸೊಸೆ ಹಿರಿಯರಿಗೆ ಬೆನ್ನು ತಿರುಗಿಸಿ ಕೂರುವಂತಿಲ್ಲ, ತೋರ್ ಕಡೆ ಹೋಗುವಂತಿಲ್ಲ, ಗಂಡನಿಗಿಂತ ದೊಡ್ಡವರ ಹೆಸರು ಎತ್ತುವಂತಿಲ್ಲ. ಹೆಸರಿಗೆ ಬದಲು ಅವಳೇ ಒಂದೊಂದು ಹೆಸರು ಕಟ್ಟಿಕೊಳ್ಳಬೇಕು. ಹೊಸದರಲ್ಲಿ ಎಲ್ಲರ ಮೆಚ್ಚುಗೆ ಗಳಿಸುವ ಹುಮ್ಮಸ್ಸಿತ್ತಲ್ಲ, ಇದ್ದುದರಲ್ಲಿ ಉದ್ದದ್ದನ್ನೇ ಕಟ್ಟಿದಳು. ಎಸೆನ್‌ಗುಲ್ ದೊಡ್ಡಮನೆ ಭಾವನವರು ಆದ, ಕುಬಾನ್ ನಡುಮನೆ ಭಾವನವರು ಆದ. ಅತ್ತೆ ಸಾಲ್ಕಿನ್ ಸಂತೋಷಪಟ್ಟು ಅವಳ ಹಣೆಗೆ ಮುತ್ತಿಟ್ಟಿದ್ದಳು. ಚಹಾ ಸುರಿಯುವುದನ್ನು ತಿದ್ದಿದವಳೂ ಅತ್ತೆಯೇ. "ಅರ್ಧ ಬಟ್ಟಲು ಸುರೀಬೇಕಮ್ಮ. ಅರ್ಧ ಸುರಿದ್ರೆ, ಕೂತಿರಿ, ಮತ್ತೆ ಹಾಕ್ತೀನಿ ಅಂತ. ತುಂಬಿಸಿ ಕೊಟ್ರೆ, ಕುಡಿದು ಎದ್ದು ಹೋಗಿ ಅಂತ. ನಮ್ಮನೇಲಿ ಯಾರಿಗೂ ತುಂಬಿಸಿ ಕೊಟ್ಟಿಲ್ಲ, ತಿಳ್ಕೊ."

ಅಂದಿನಿಂದ ಬಾಲಿಕ್ಚಿಯಲ್ಲೇ ನಡೆಯತೊಡಗಿದ ಪ್ರತಿ ವರ್ಷದ ಪಂದ್ಯದಲ್ಲೂ ಅವಳು ಬಾಗಿಲ ಬಳಿ ನಿಂತು ಅರ್ಧರ್ಧ ಬಟ್ಟಲು ಸುರಿದಳು, ಎಸೆನ್‌ಗುಲ್ ಕುಡಿಯುತ್ತ ನಕ್ಷೆ ನೋಡಿದ, ಕಾರಾಕೋಲಿನವರು ಅವನನ್ನು ಸುಟ್ಟರು.

ಈ ಸಲ ಕತೆ ಸ್ವಲ್ಪ ಬದಲಾಯಿತು. ನಾಲ್ಕನೆಯ ಆಟಗಾರ, ನೆರೆಮನೆಯ ವೆಲ್ಡರ್ ಸ್ಲಾವಾ, ಕಾರಿನ ಕೆಳಗೆ ಮಲಗಿದ್ದಾಗ ಜ್ಯಾಕು ಜಾರಿ ಮುಂಗೈ ಮುರಿದುಕೊಂಡ. ಬೇರೆ ಯಾರೂ ಸಿಗಲಿಲ್ಲ. ಎಸೆನ್‌ಗುಲ್ ಎರಡು ದಿನ ಗೊಣಗಿ ಕೊನೆಗೆ ತಿಲೆಕ್‌ಗೆ ಹೇಳಿದ, "ನಿನ್ನ ಹೆಂಡ್ತಿ ಬಾಗಿಲ ಹತ್ರದ ಕಂಪ್ಯೂಟರಲ್ಲಿ ಕೂರ್ಲಿ. ಓಡಿಸೋದಷ್ಟೇ. ಬುದ್ಧಿ ಹೇಳೋಕೆ ಬರಬಾರ್ದು."

ಸ್ಲಾವಾ ಕೈಗೆ ಪಟ್ಟಿ ಕಟ್ಟಿಕೊಂಡು ನೋಡಲು ಬಂದಿದ್ದವನು ಒಂದು ಮಾತು ಹಾಕಿದ. "ಎಸೆನ್, ಅವಳು ನಿನ್ನನ್ನ ಏನಂತ ಕೂಗ್ಬೇಕು? ಆ ಉದ್ದದ ಹೆಸರು ಮುಗಿಯೋದ್ರೊಳಗೆ ನಿನ್ನ ತಿಥಿ ಆಗಿರತ್ತೆ. ಕಮಾಂಡರ್ ಅಂತ ಕೂಗ್ಲಿ ಬಿಡು."

"ನಾನೇನು ಮಿಲಿಟರೀಲಿದೀನಾ?" ಎಂದ ಎಸೆನ್‌ಗುಲ್. "ಮನೇಲಿ ಹೇಗೆ ಕರೀತಾಳೋ ಇಲ್ಲೂ ಹಾಗೇ ಕರೀಲಿ."

"ಬರೀ ಭಾವ ಅನ್ಲಿ ಮತ್ತೆ."

"ಕುಬಾನೂ ಭಾವನೇ. ನನಗೂ ಅವನಿಗೂ ವ್ಯತ್ಯಾಸ ಬೇಡ್ವಾ?"

ಸ್ಲಾವಾ ಬೇರೆ ಜನಾಂಗದವನು, ಯಾರ ಸೊಸೆಯೂ ಅಲ್ಲ. ಎಸೆನ್ ಎಂದು ಅರ್ಧ ಹೆಸರು ಹಿಡಿದು ಬೈದರೂ ನಡೆಯುತ್ತದೆ. ಐಜರ್ಕಿನ್ ಕೇಳಿಸಿಕೊಂಡು ಕೇತಲಿ ತೊಳೆಯುತ್ತಿದ್ದಳು. ಕೇತಲಿಗೆ ಅಷ್ಟು ಜೋರಾಗಿ ತಿಕ್ಕಿಸಿಕೊಳ್ಳುವಂಥ ಕೊಳೆಯೇನೂ ಇರಲಿಲ್ಲ.

ಕಾರಾಕೋಲಿನವರು ಸೇಬಿನ ಮೂಟೆಯೊಂದಿಗೆ ಬಂದರು. ಮೆಲಿಸ್‌ನ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಬಹುಮಾನವಿತ್ತು. ಬೇರಿಂಗು, ಬೋಲ್ಟುಗಳನ್ನು ಬೆಸೆದು ಸ್ಲಾವಾನೇ ಮಾಡಿದ ಪುಟ್ಟ ಕಬ್ಬಿಣದ ಟ್ಯಾಂಕು. ಗೆದ್ದವರ ಮನೆಯಲ್ಲಿ ವರ್ಷಪೂರ್ತಿ ಇರಬೇಕಾದದ್ದು. ಮಾಡಿದವನ ಊರಲ್ಲಿ ಅದು ಒಂದು ರಾತ್ರಿಯೂ ತಂಗಿರಲಿಲ್ಲ.

"ತಂದಿದೀವಿ, ಕಣ್ತುಂಬ ನೋಡ್ಕೊಳಿ," ಎಂದು ಮೆಲಿಸ್ ಅದನ್ನು ಕಪಾಟಿನ ಮೇಲಿಟ್ಟ. "ಜಾಸ್ತಿ ಮುಟ್ಬೇಡಿ, ಸಂಜೆ ವಾಪಸ್ ಒಯ್ಬೇಕು." ಆಮೇಲೆ ತಂಗಿಯತ್ತ ತಿರುಗಿದ. "ಏನಮ್ಮ, ಈ ವರ್ಷನೂ ಕೇತಲಿನೇ ಓಡಿಸ್ತೀಯಾ?"

"ಇಲ್ಲ, ಟ್ಯಾಂಕು," ಎಂದಳು ಐಜರ್ಕಿನ್.

ಮೆಲಿಸ್‌ನ ನಗು ಒಂದು ಗಳಿಗೆ ನಿಂತಿತು. ಅವನು ತೋರ್ ಕಡೆ ನೋಡಿದ. ಅಲ್ಲಿ ಎಸೆನ್‌ಗುಲ್ ಕೂತಿರುವುದನ್ನು ಕಂಡು ನಗು ವಾಪಸ್ ಬಂತು. "ಹಾಗಾದ್ರೆ ಸರಿ," ಎಂದು ತನ್ನವರನ್ನು ಕರೆದುಕೊಂಡು ಮುಂದಿನ ಕೋಣೆಗೆ ಹೋದ. ಅವರ ಕಂಪ್ಯೂಟರುಗಳು ಅಲ್ಲಿ, ಟಯರುಗಳ ನಡುವೆ, ಬಾಗಿಲ ಕೆಳಗಿಂದ ಎಳೆದ ವೈರಿನ ಆ ತುದಿಯಲ್ಲಿದ್ದವು.

ಮೂರು ಆಟದಲ್ಲಿ ಎರಡು ಗೆದ್ದವರಿಗೆ ಬಹುಮಾನ. ಮೊದಲ ಆಟ ಶುರುವಾಗಿ ಒಂದು ಬಟ್ಟಲು ಚಹಾ ಆರುವಷ್ಟರಲ್ಲಿ ಎಸೆನ್‌ಗುಲ್ ನಕ್ಷೆ ತೆರೆದು ಕೂತ. ಅವನ ಎಡಗಡೆಯ ಒಣ ಕಣಿವೆಯಿಂದ ಧೂಳು ಏಳುವುದು ಐಜರ್ಕಿನ್‌ಗೆ ಕಂಡಿತು. ಅದು ಮೆಲಿಸ್. ಆ ಕಣಿವೆಯಿಂದ ಹೇಗೆ ಏರಿ ಬರಬೇಕೆಂದು ಅವನಿಗೆ ಕಲಿಸಿದವಳು ಅವಳೇ.

"ಎಡಗಡೆ, ಎಡಗಡೆ," ಎಂದು ಕೂಗಿದಳು.

ತಿಲೆಕ್ ತನಗೇ ಹೇಳಿದಳೆಂದುಕೊಂಡು ಎಡಕ್ಕೆ ತಿರುಗಿಸಿ ಕಂದಕಕ್ಕೆ ಬಿದ್ದ. ಕುಬಾನ್ ಎಡಕ್ಕೆ ತಿರುಗಿ ಅದಿರಿನ ಯಂತ್ರಕ್ಕೆ ಗುದ್ದಿದ. ಈ ಆಟದಲ್ಲಿ ಹೆಸರು ಮೊದಲು, ದಿಕ್ಕು ಆಮೇಲೆ. ಹೆಸರಿಲ್ಲದ ಎಚ್ಚರಿಕೆ ಎಲ್ಲರನ್ನೂ ಕೆಡಿಸುತ್ತದೆ, ಯಾರನ್ನೂ ಉಳಿಸುವುದಿಲ್ಲ.

"ದೊಡ್ಡಮನೆ ಭಾವನವ..." ಎಂದು ಅವಳು ಶುರು ಮಾಡುವಷ್ಟರಲ್ಲಿ ಎಸೆನ್‌ಗುಲ್‌ನ ಟ್ಯಾಂಕು ಬೆಂಕಿಯುಂಡೆಯಾಯಿತು.

ಇನ್ನೊಂದು ನಿಯಮ ಹೇಳಬೇಕು. ಕಮಾಂಡರನ ಟ್ಯಾಂಕು ಸುಟ್ಟರೆ ಕಾರ್ಖಾನೆ ಅವನಿಗೆ ಹೊಸದು ಕಟ್ಟಿಕೊಡುತ್ತದೆ, ಆದರೆ ಅದಕ್ಕೆ ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಜೊತೆಯವರಲ್ಲಿ ಯಾರು ಮೊದಲು ನಕ್ಷೆಯ ಗುಂಡಿ ಒತ್ತುತ್ತಾರೋ ಅಧಿಕಾರ ಅವರದು. ಬೇರೆ ಎಲ್ಲ ತಂಡದಲ್ಲೂ ಆ ಗುಂಡಿಗೆ ಪೈಪೋಟಿ ಬೀಳುತ್ತಾರೆ. ಬಾಲಿಕ್ಚಿಯಲ್ಲಿ ಮಾತ್ರ ಅಣ್ಣ ಇರುವಾಗ ಒತ್ತುವುದು ಹೇಗೆ ಎಂದು ತಮ್ಮಂದಿರು ಕೈಕಟ್ಟಿ ಕಾಯುತ್ತಿದ್ದರು. ಗಾಡಿಗಳು ಅಪ್ಪಣೆಯಿಲ್ಲದೆ ನಿಂತಲ್ಲೇ ನಿಂತು ಸುಟ್ಟುಹೋಗುತ್ತಿದ್ದವು. ಕಾರಾಕೋಲಿನವರು ವರ್ಷವರ್ಷವೂ ಗೆಲ್ಲುತ್ತಿದ್ದದ್ದು ತಮ್ಮ ಜಾಣತನದಿಂದ ಅರ್ಧ, ಈ ಮರ್ಯಾದೆಯಿಂದ ಅರ್ಧ. ಅವತ್ತೂ ಹಾಗೇ ಆಯಿತು.

"ಮೊದ್ಲೇ ಹೇಳೋಕೆ ಏನಾಗಿತ್ತು ನಿನಗೆ?" ಎಂದು ಎಸೆನ್‌ಗುಲ್ ಅವಳ ಮೇಲೆ ಹರಿಹಾಯ್ದ. "ಬಾಯಲ್ಲಿ ಏನು ಬೋರ್ಸೋಕ್ ಇಟ್ಕೊಂಡಿದ್ಯಾ? ಅದಕ್ಕೇ ನಾನು ಹೆಂಗಸ್ರನ್ನ ಕೂರಿಸ್ಬೇಡಿ ಅಂದಿದ್ದು."

ಬೋರ್ಸೋಕ್ ಎಂಬ ಆ ಹಿಟ್ಟಿನ ಉಂಡೆಗಳನ್ನು ಕರಿದಿದ್ದವಳೂ ಅವಳೇ, ಬೆಳಗಿನಿಂದ ಒಂದನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ತಿಲೆಕ್ ಏನಾದರೂ ಅಂದಾನೇ ಎಂದು ನೋಡಿದಳು. ತಿಲೆಕ್ ಕೀಲಿಮಣೆಯ ಮೇಲಿನ ಧೂಳು ಊದುತ್ತಿದ್ದ.

ಎರಡನೆಯ ಆಟ. ಈ ಸಲ ಅವಳು ಹೇಗಾದರೂ ಅವನ ಹತ್ತಿರವೇ ಇರಬೇಕೆಂದು ಬೇಕೆಂತಲೇ ಹಿಂದುಳಿದಳು. ಎಸೆನ್‌ಗುಲ್ ಅದನ್ನೂ ಬೈದ, "ಏನು, ನನ್ನ ಹಿಂದೆ ಅಡಗ್ತೀಯಾ, ಮುಂದೆ ಹೋಗು," ಎಂದು ಅಟ್ಟಿದ. ಅವಳು ಮುಂದೆ ಹೋದದ್ದೇ ತಡ ನಕ್ಷೆ ತೆರೆದ. ಒಣ ಕಣಿವೆಯ ಬಾಯಲ್ಲಿ ಮತ್ತೆ ಧೂಳು. ಆ ದೂರದಿಂದ ಅವಳ ಗುಂಡು ಮೆಲಿಸ್‌ಗೆ ಮುಟ್ಟುವುದಿಲ್ಲ. ಮುಟ್ಟುವುದು ಮಾತು ಮಾತ್ರ. ಬೋರ್ಸೋಕಿನ ಮಾತು ಇನ್ನೂ ಕಿವಿಯಲ್ಲಿತ್ತು. ಇಷ್ಟು ವರ್ಷ ಹಲ್ಲುಕಚ್ಚಿ ಹಿಡಿದಿದ್ದದ್ದು ಅವಳನ್ನು ಕೇಳದೆಯೇ ಹೊರಬಂತು.

"ಎಸೆನ್‌ಗುಲ್, ಎಡಕ್ಕೆ."

ಕುಬಾನ್ ಎರಡೂ ಕೈ ಕೀಲಿಮಣೆಯಿಂದ ಎತ್ತಿದ. ತಿಲೆಕ್‌ನ ಬಾಯಿ ತೆರೆದುಕೊಂಡಿತು. ಗೋಡೆಯ ಪಕ್ಕ ಕೂತು ಒಣಮೀನು ಸುಲಿಯುತ್ತಿದ್ದ ಸಾಲ್ಕಿನ್ ತಲೆಯೆತ್ತಿದಳು. ಎಸೆನ್‌ಗುಲ್ ಎಡಕ್ಕೆ ತಿರುಗಿದ್ದು ನಿಜ. ತಿರುಗಿಸಿದ್ದು ಟ್ಯಾಂಕನ್ನಲ್ಲ, ಕತ್ತನ್ನು. ಅವನ ಎಡಕ್ಕೆ, ಸಾಲಿನ ಕೊನೆಯಲ್ಲಿ, ಐಜರ್ಕಿನ್ ಕೂತಿದ್ದಳು. ಅವನು ಅವಳನ್ನೇ ದುರುಗುಟ್ಟಿ ನೋಡುತ್ತಿರುವಾಗ ಅವನ ಮುಂದಿದ್ದ ಪರದೆ ಕೆಂಪಾಯಿತು.

"ನೀನು..." ಎಂದ ಎಸೆನ್‌ಗುಲ್.

ಐಜರ್ಕಿನ್ ನಕ್ಷೆಯ ಗುಂಡಿ ಒತ್ತಿದಳು.

"ಕುಬಾನ್, ಅದಿರು ಬಿಡು, ಕಾರ್ಖಾನೆ ಹಿಂದಕ್ಕೆ ಬಾ. ತಿಲೆಕ್, ಕಣಿವೆ ಬಾಯಿಗೆ ಅಡ್ಡ ನಿಲ್ಲು, ಸತ್ರೂ ಪರವಾಗಿಲ್ಲ, ಅಲ್ಲಾಡ್ಬೇಡ."

ಅಣ್ಣತಮ್ಮಂದಿರ ತಲೆಗೆ ಏನಾಗುತ್ತಿದೆಯೆಂದು ತಿಳಿಯುವ ಮುಂಚೆ ಕೈಗಳು ಕೆಲಸ ಮಾಡಿದವು. ಇಷ್ಟು ವರ್ಷದಲ್ಲಿ ಅರ್ಥವಾಗುವ ಅಪ್ಪಣೆ ಅವರಿಗೆ ಸಿಕ್ಕಿದ್ದು ಅದೇ ಮೊದಲು. ಬಾಲಿಕ್ಚಿಯವರು ಎಂದಿನಂತೆ ಕೈಕಟ್ಟಿ ಕೂತಿರುತ್ತಾರೆಂದು ನಂಬಿ ಕಾರಾಕೋಲಿನ ನಾಲ್ಕು ಟ್ಯಾಂಕೂ ಕಣಿವೆ ಏರಿ ಬಂದಿದ್ದವು. ಅವರ ಮನೆ ಖಾಲಿ ಬಿದ್ದಿತ್ತು. ಐಜರ್ಕಿನ್ ತಮ್ಮ ಕಾರ್ಖಾನೆಯ ಕಾವಲನ್ನು ಅಣ್ಣತಮ್ಮಂದಿರಿಬ್ಬರಿಗೇ ಬಿಟ್ಟಳು. ಹೊಸ ಗಾಡಿಗಳಷ್ಟನ್ನೂ ಉಪ್ಪಿನ ಬಯಲ ಮೇಲಿಂದ ಸುತ್ತು ಹಾಕಿಸಿ ಮೆಲಿಸ್‌ನ ಕಾರ್ಖಾನೆಗೆ ನುಗ್ಗಿಸಿದಳು. ನಕ್ಷೆ ತೆರೆದಳು, ಮುಚ್ಚಿದಳು, ಒಂದು ಗುಂಡು ಹೊಡೆದಳು, ಮತ್ತೆ ತೆರೆದಳು. ಎಷ್ಟೋ ದಿನ ಬಿಟ್ಟಿದ್ದ ಸೈಕಲ್ಲು ಹತ್ತಿದಂತೆ ಎಲ್ಲ ನೆನಪಿತ್ತು. ಕೋಪ ಮಾತ್ರ ಹಾಗೇ ಇತ್ತು.

ಮುಂದಿನ ಕೋಣೆಯಿಂದ ಮೆಲಿಸ್‌ನ ಕೂಗು ಕೇಳಿತು. "ಯಾರ್ರೀ ಅದು ಆಡ್ತಿರೋದು ಅಲ್ಲಿ?"

ಅವನ ಕಾರ್ಖಾನೆ ಕುಸಿದ ಮೇಲೆ ಬಾಗಿಲಿಗೆ ಬಂದು ನಿಂತ. ತಂಗಿಯನ್ನು ನೋಡಿದ. "ನೀನಾ," ಎಂದ. ಸೋತ ಮುಖದಲ್ಲಿ ಒಂದಿಷ್ಟು ಹೆಮ್ಮೆಯೂ ಇದ್ದಂತಿತ್ತು. ಒಳಗಿನವರ ಮುಖ ನೋಡಿ ಏನೋ ಕೆಟ್ಟಿದೆಯೆಂದು ತಿಳಿದು ಸದ್ದಿಲ್ಲದೆ ವಾಪಸ್ ಹೋದ.

ಬಾಲಿಕ್ಚಿ ಒಂದು ಆಟ ಗೆದ್ದಿತ್ತು. ಎಷ್ಟೋ ವರ್ಷಗಳ ಮೇಲೆ ಗೆದ್ದಿತ್ತು. ಆ ಕೋಣೆಯಲ್ಲಿ ಅದನ್ನು ನೆನೆಸಿಕೊಂಡವರು ಸ್ಲಾವಾ ಒಬ್ಬನೇ. "ಎಸೆನ್, ಇನ್ನೊಂದು ಗೆದ್ರೆ ಟ್ಯಾಂಕು ನಮ್ದು. ಇವಳನ್ನ ಅಲ್ಲೇ ಕೂರಿಸು ಮಾರಾಯ, ಮುಗೀತು."

"ನನ್ನ ಅಂಗಡೀಲಿ," ಎಂದ ಎಸೆನ್‌ಗುಲ್. "ನನ್ನ ಅಮ್ಮನ ಎದುರಿಗೆ. ನಾಯಿ ಕರ್ದಂಗೆ."

"ನಾಯೀನ ಪ್ರೀತಿಯಿಂದ ಕರೀತಾರೆ," ಎಂದ ಸ್ಲಾವಾ.

"ಬಾಗಿ ತಪ್ಪಾಯ್ತು ಅನ್ಲಿ," ಎಂದ ಎಸೆನ್‌ಗುಲ್. "ಆಮೇಲೆ ಕೇತಲಿ ಹಿಡೀಲಿ. ಮೂರನೇ ಆಟಕ್ಕೆ ಸ್ಲಾವಾ ಕೂರ್ತಾನೆ."

"ನನಗಿರೋದು ಒಂದೇ ಕೈ."

"ಒಂದು ಕೈ ಸಾಕು, ಬಾಯಿ ನೆಟ್ಟಗಿದ್ರೆ."

ತಿಲೆಕ್ ಹೆಂಡತಿಯನ್ನು ಹಿತ್ತಲಿಗೆ ಕರೆದೊಯ್ದ. ಹಳೆಯ ಟಯರುಗಳ ರಾಶಿಯ ನಡುವೆ ಉಲಾನ್ ಸೀಟಿ ಹೊಡೆಯುತ್ತಿತ್ತು. ಅವಳ ತಲೆವಸ್ತ್ರ ಹಾರಿ ಮುಖಕ್ಕೆ ಬಡಿಯಿತು.

"ಒಂದ್ಸಲ ಬಾಗಿಬಿಡು," ಎಂದ. "ಮುಗಿದುಹೋಗತ್ತೆ. ಅಣ್ಣನ ಸ್ವಭಾವ ಗೊತ್ತಲ್ಲ."

"ಗೊತ್ತು. ನಿಂದೂ ಗೊತ್ತಾಯ್ತು."

"ನಾನೇನು ಮಾಡಿದೆ?"

"ಏನೂ ಮಾಡ್ಲಿಲ್ಲ. ಅದೇ. ನೀರಿನ ದಂಡೇಲಿ ಕೂತು ಏನಂದಿದ್ದೆ ನೆನಪಿದ್ಯಾ? ಅಣ್ಣನ ಸೀಟಲ್ಲಿ ಕೂರಿಸ್ತೀನಿ ಅಂದೆ. ಕೇತಲಿ ಹಿಡಿಸಿದೆ. ಹೋಗ್ಲಿ ಅಂತ ಹಿಡಿದೆ. ಇವತ್ತು ಗೆದ್ದುಕೊಟ್ಟೆ, ಅದಕ್ಕೂ ನಾನೇ ಬಾಗ್ಬೇಕಾ? ನಿಮ್ಮಣ್ಣನ ಟ್ಯಾಂಕು ಸುಟ್ಟಿದ್ದು ನನ್ನ ಬಾಯಿಂದಲ್ಲ, ಅವರ ಕತ್ತಿಂದ."

ತಿಲೆಕ್‌ಗೆ ನಗು ಬಂತು, ನಗಬಾರದ ಹೊತ್ತೆಂದು ತಡೆದುಕೊಂಡ. "ಅಣ್ಣ ಅಲ್ವಾ," ಎಂದಷ್ಟೇ ಹೇಳಿದ. ಆ ಎರಡು ಮಾತು ಕೇಳಿ ಅವಳಿಗೆ ಎಸೆನ್‌ಗುಲ್‌ಗಿಂತ ಇವನ ಮೇಲೆಯೇ ಹೆಚ್ಚು ಸಿಟ್ಟು ಬಂತು. ದೊಡ್ಡವನು ಸೀಟು ಬಿಡುವವನಲ್ಲ, ಅದು ತಿಳಿದದ್ದೇ. ಇವನು ಕೇಳುವವನೂ ಅಲ್ಲ.

ಒಳಗೆ ಬಂದು ಮಿನಿಬಸ್ಸಿನ ಸೀಟಿನ ಎದುರು ನಿಂತಳು. "ಹೆಸರು ಹಿಡಿದು ಕರೆದದ್ದು ತಪ್ಪು. ಅದಕ್ಕೆ ಬಾಗ್ತೀನಿ," ಎಂದಳು. "ಮೂರನೇ ಆಟಕ್ಕೆ ನನ್ನನ್ನ ಇಲ್ಲಿ ಕೂರೋಕೆ ಬಿಡಿ. ಗೆದ್ದ ಮೇಲೆ ನೀವೇ ಕೂತ್ಕೊಳಿ."

"ಬಾಗು," ಎಂದ ಎಸೆನ್‌ಗುಲ್. "ಕೇತಲಿ ಅಲ್ಲಿದೆ."

ಅವಳು ಅತ್ತೆಯತ್ತ ನೋಡಿದಳು. ಸಾಲ್ಕಿನ್ ಮೀನಿನ ಮುಳ್ಳನ್ನೇ ನೋಡುತ್ತಿದ್ದಳು. ಐಜರ್ಕಿನ್ ಎದೆಯ ಮೇಲೆ ಕೈಕಟ್ಟಿ ಬಾಗಿದಳು. ಸೊಸೆ ಬಾಗಿದರೆ ಹಿರಿಯ ಅವಳ ಮುಖ ನೋಡಿ ಹರಸಬೇಕು, ಅದು ಅವನ ಪಾಲಿನ ಮರ್ಯಾದೆ. ಎಸೆನ್‌ಗುಲ್ ಪರದೆ ನೋಡುತ್ತಲೇ, "ನೂರ್ಕಾಲ ಬಾಳು," ಎಂದು ಮುಂದಿನ ಆಟದ ಗುಂಡಿ ಒತ್ತಿದ.

ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಬಾಗಿದ್ದಕ್ಕೆ ಅಷ್ಟು ನೋಯಲಿಲ್ಲ. ಅವನು ನೋಡಲಿಲ್ಲವಲ್ಲ, ಅದು ನೋಯಿಸಿತು. ಕೇತಲಿ ಎತ್ತಿಕೊಂಡು ಸಾಲಿನ ಹಿಂದೆ ಹೋಗಿ ನಿಂತಳು. ಅಲ್ಲಿಂದ ನಾಲ್ವರ ಪರದೆಯೂ ಕಾಣುತ್ತಿತ್ತು.

ಮೂರನೆಯ ಆಟ ಚೆನ್ನಾಗಿಯೇ ಶುರುವಾಯಿತು. ಎರಡನೆಯದರಲ್ಲಿ ಕಂಡದ್ದನ್ನು ಕುಬಾನ್, ತಿಲೆಕ್ ಮರೆತಿರಲಿಲ್ಲ, ತಾವಾಗಿಯೇ ಹಾಗೆ ನಿಂತರು. ಸ್ಲಾವಾ ಒಂದೇ ಕೈಯಲ್ಲಿ ಓಡಿಸುತ್ತ ಎರಡೂ ಕಡೆಯವರನ್ನು ಬೈಯುತ್ತಿದ್ದ. ಅದಿರು ಬಂತು, ಗಾಡಿಗಳು ಬಂದವು. ಗೆಲ್ಲುವ ಆಟವಾಗಿತ್ತು ಅದು. ಗಾಡಿಗಳನ್ನು ಕಳಿಸಲು ಎಸೆನ್‌ಗುಲ್ ನಕ್ಷೆ ತೆರೆದ. ಬಟ್ಟಲೆತ್ತಿ ಒಂದು ಗುಟುಕು ಕುಡಿದ. ನಕ್ಷೆ ನೋಡಿದ. ಇನ್ನೊಂದು ಗುಟುಕು ಕುಡಿದ.

ತಿಲೆಕ್‌ನ ಪರದೆಯ ಅಂಚಿನಲ್ಲಿ, ಒಣ ಕಣಿವೆಯ ಬಾಯಲ್ಲಿ, ಧೂಳು ಎದ್ದಿತು. ತಿಲೆಕ್ ದೂರದಲ್ಲಿ ಬೇರೊಬ್ಬನೊಂದಿಗೆ ಸೆಣಸುತ್ತಿದ್ದ, ಅವನಿಗೆ ಕಾಣಲಿಲ್ಲ. ಹಿಂದೆ ನಿಂತ ಅವಳಿಗೆ ಕಂಡಿತು. ಅವಳು ಉಸಿರೆಳೆದುಕೊಂಡದ್ದು ಅವಸರದಲ್ಲಿ ಅಲ್ಲ, ಉದ್ದದ ಮಾತಿಗೆ ಬೇಕಾಗುವಷ್ಟು.

"ದೊಡ್ಡಮನೆ ಭಾವನವರೇ," ಎಂದಳು. ದನಿ ಸಕ್ಕರೆ ಹಾಕಿದಂತಿತ್ತು. "ಚಹಾ ಕುಡೀತಿರೋವಾಗ ಮಾತಾಡಿಸ್ತಿದೀನಿ, ಬೇಜಾರು ಮಾಡ್ಕೋಬಾರ್ದು. ತಮ್ಮ ಮಕ್ಕಳು ಮರಿ ಚೆನ್ನಾಗಿರ್ಲಿ. ತಮಗೆ ಬಿಡುವಿದ್ರೆ, ತೊಂದ್ರೆ ಇಲ್ಲ ಅಂದ್ರೆ, ತಮ್ಮ ಎಡಗಡೆ..."

ಕುಬಾನ್‌ನ ಹೆಗಲು ಬಿಗಿಯಿತು. ಸ್ಲಾವಾ ಕಣ್ಣು ಮುಚ್ಚಿಕೊಂಡ. ತಿಲೆಕ್ ಗಕ್ಕನೆ ತಿರುಗಿ ಅವಳ ಮುಖ ನೋಡಿದ, ಆಮೇಲೆ ಪರದೆಯತ್ತ ತಿರುಗಿದ.

"...ತಮ್ಮ ಎಡಗಡೆ ಒಂದು ಸ್ವಲ್ಪ ಕಣ್ಣು ಹಾಯಿಸಿದ್ರೆ ಚೆನ್ನಾಗಿತ್ತು ಅಂತ ನನಗನ್ನಿಸತ್ತೆ."

ಟ್ಯಾಂಕು ಆಗಲೇ ಉರಿಯುತ್ತಿತ್ತು. ಆದರೂ ಅವಳು ಮಾತನ್ನು ಅರ್ಧಕ್ಕೆ ಬಿಡಲಿಲ್ಲ.

ಎಸೆನ್‌ಗುಲ್ ಬಟ್ಟಲನ್ನು ಕುಕ್ಕಿದ. ಗೆಲ್ಲುವ ಆಟ ಕೈಬಿಡುವುದನ್ನು ಕಂಡು ಅವನ ಬಾಯಿಂದ ಎಂದೂ ಬಾರದ ಮಾತು ಬಂತು. "ಒತ್ತೋ ತಿಲೆಕ್, ಗುಂಡಿ ಒತ್ತು. ಬೇಗ."

ತಿಲೆಕ್ ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನ ಕಿವಿ ಕೆಂಪಾಗಿತ್ತು. "ನಾನು ಹೇಗೆ ಒತ್ಲಿ? ಅಣ್ಣ ಇರೋವಾಗ ತಮ್ಮ ಒತ್ತೋದು ಮರ್ಯಾದೆ ಅಲ್ಲ," ಎಂದ.

ಎಸೆನ್‌ಗುಲ್ ಕುಬಾನ್‌ನನ್ನು ನೋಡಿದ. ಕುಬಾನ್ ಸೂರು ನೋಡಿದ. ಸ್ಲಾವಾ ತನ್ನ ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ತೋರಿಸಿದ. ಗಾಡಿಗಳು ಸಾಲಾಗಿ ನಿಂತಲ್ಲೇ ಸುಟ್ಟವು, ಕೊನೆಗೆ ಕಾರ್ಖಾನೆಯೂ ಉರಿದುಹೋಯಿತು. ಮುಂದಿನ ಕೋಣೆಯಲ್ಲಿ ಕಾರಾಕೋಲಿನವರು ಹೋ ಎಂದು ಕೂಗಿದರು.

ಅವರು ಒಳಗೆ ಬಂದರು. ಮೆಲಿಸ್ ಏನೋ ಚುಚ್ಚುಮಾತು ಆಡಲು ಬಾಯಿ ತೆರೆದವನು ತಂಗಿಯ ಮುಖ ಕಂಡು ಕಪಾಟಿನತ್ತ ತಿರುಗಿದ. ಕಬ್ಬಿಣದ ಟ್ಯಾಂಕನ್ನು ಕಪಾಟಿನಿಂದ ಇಳಿಸಿ ಟವೆಲಿನಲ್ಲಿ ಸುತ್ತತೊಡಗಿದ. ಸಾಲ್ಕಿನ್ ಮೇಜುಬಟ್ಟೆ ಹಾಸಿ ಮೀನು, ಬೋರ್ಸೋಕ್, ಸೇಬು ಇಟ್ಟಳು. ಗೆದ್ದವರೂ ಸೋತವರೂ ಒಟ್ಟಿಗೆ ಚಹಾ ಕುಡಿದೇ ಬೀಳ್ಕೊಳ್ಳಬೇಕು.

"ನನ್ನ ಸೀಟಲ್ಲೇ ಕೊಡು," ಎಂದು ಎಸೆನ್‌ಗುಲ್ ಕೂತಲ್ಲಿಂದಲೇ ಕೈಚಾಚಿದ. ಸೋತರೂ ಆ ಸೀಟು ಬಿಟ್ಟು ಏಳುವವನಲ್ಲ ಅವನು.

ಐಜರ್ಕಿನ್ ಅವನ ಬಟ್ಟಲು ತೆಗೆದುಕೊಂಡಳು. ಕೇತಲಿ ಬಾಗಿಸಿದಳು. ಅರ್ಧಕ್ಕೆ ಬಂದಾಗ ಅವಳ ಕೈ ಅಭ್ಯಾಸದಿಂದ ನಿಲ್ಲಲು ಹೋಯಿತು. ಅವಳು ನಿಲ್ಲಿಸಲಿಲ್ಲ. ಚಹಾ ಏರಿತು, ಹೂವಿನ ಚಿತ್ರ ಮುಳುಗಿತು, ಅಂಚಿಗೆ ಬಂತು, ಇನ್ನೊಂದು ತೊಟ್ಟು ಬಿದ್ದರೆ ಚೆಲ್ಲುತ್ತದೆ ಎನ್ನುವಲ್ಲಿ ನಿಂತಿತು. ಒಂದು ತೊಟ್ಟೂ ಚೆಲ್ಲದ ಹಾಗೆ ಅದನ್ನು ತೋರ್ ತನಕ ನಡೆದು ಒಯ್ದು ಅವನ ಮುಂದಿಟ್ಟಳು.

ಎಸೆನ್‌ಗುಲ್ ಬಟ್ಟಲು ನೋಡಿದ. ಆಮೇಲೆ, ಅವತ್ತು ಮೊದಲ ಸಲ ನೆಟ್ಟಗೆ, ಅವಳ ಮುಖ ನೋಡಿದ. "ಅಮ್ಮ," ಎಂದ. "ನೋಡಿದ್ಯಾ ಇವಳು ಮಾಡಿದ್ದು?"

ಎಲ್ಲರೂ ಸಾಲ್ಕಿನ್‌ಳತ್ತ ತಿರುಗಿದರು. ಮುದುಕಿ ಬೆರಳಿಗೆ ಅಂಟಿದ ಮೀನಿನ ಹುರುಪೆ ಒರೆಸಿಕೊಳ್ಳುತ್ತ ಎದ್ದುಬಂದಳು. ತನ್ನ ಗಂಡನ ಅಣ್ಣನ ಹೆಸರನ್ನು ಅವನು ಮಣ್ಣಿಗೆ ಹೋದ ಮೇಲೂ ಎತ್ತದ ಹೆಂಗಸು. ಬಗ್ಗಿ ಬಟ್ಟಲನ್ನು ಪರೀಕ್ಷೆ ಮಾಡುವವಳಂತೆ ನೋಡಿದಳು. ಆಮೇಲೆ ಒಂದು ಬೆರಳಿನಿಂದ ಅದನ್ನು ಮಗನ ಕಡೆಗೆ ಇನ್ನಷ್ಟು ತಳ್ಳಿದಳು.

"ನೋಡಿದೆ," ಎಂದಳು. "ಕುಡಿ ಮಗನೇ, ಆರಿಹೋಗತ್ತೆ."

ಎಸೆನ್‌ಗುಲ್ ಕುಡಿದ. ತುಂಬಿದ ಬಟ್ಟಲನ್ನು ಅರ್ಧಕ್ಕೆ ಇಡುವುದು ಇನ್ನೂ ದೊಡ್ಡ ಅವಮಾನ, ಅದನ್ನು ಅವನಿಗೆ ಚಿಕ್ಕಂದಿನಲ್ಲಿ ಕಲಿಸಿದವಳು ಎದುರಿಗೇ ನಿಂತಿದ್ದಳು. ಕುಡಿಯಲು ಬಹಳ ಹೊತ್ತು ಹಿಡಿಯಿತು. ಮುಗಿದ ಮೇಲೆ ಬಟ್ಟಲನ್ನು ಮಗುಚಿಟ್ಟು ಎದ್ದ. ಮಿನಿಬಸ್ಸಿನ ಸೀಟು ಕಿರ್ ಎಂದಿತು. ಅಂಗಡಿಯಲ್ಲಿ ಏನೋ ಕೆಲಸವಿದೆ ಎನ್ನುವವನ ಹಾಗೆ ಅವನು ಹೊರಗೆ ನಡೆದ.

ಐಜರ್ಕಿನ್ ಸೀಟಿನಲ್ಲಿ ಕೂತಳು. ಅದು ಅವಳಿಗೆ ತೀರಾ ಹಿಂದಕ್ಕಿತ್ತು, ಅಡಿಯ ಸನ್ನೆ ಎತ್ತಿ ಮುಂದಕ್ಕೆ ಎಳೆದುಕೊಂಡಳು. ಕೇತಲಿಯನ್ನು ಗಂಡನ ಕೈಗೆ ಕೊಟ್ಟಳು.

"ತಿಲೆಕ್, ಎಲ್ಲರಿಗೂ ಅರ್ಧರ್ಧ ಹಾಕು," ಎಂದಳು. "ಮೆಲಿಸ್, ನಿನ್ನ ಜಾಗಕ್ಕೆ ಹೋಗು. ಆ ಟವೆಲ್ ಬಿಚ್ಚಿಟ್ಟು ಹೋಗು."